ಕಾವಲು ಗಾಡಿಗಳನ್ನು ತೆಗೆದಿದ್ದೇವೆ, ಎಣಿಸಲು ಯಾವಾಗ ಬರುತ್ತೀರಿ?

ಮಾನ್ಯ ಆಯುಕ್ತರೇ,

ಮೊದಲಿಗೆ ಕ್ಷಮಿಸಿ. ತಮ್ಮಂಥವರಿಗೆ ಪತ್ರ ಬರೆಯುವ ವಯಸ್ಸೂ ನನ್ನದಲ್ಲ, ಬರೆಯುವಷ್ಟು ಭಾಷೆಯೂ ನನ್ನ ಹತ್ತಿರ ಇಲ್ಲ. ಮೂರನೇ ಕ್ಲಾಸಿನಿಂದ ಹಾಸ್ಟೆಲಿನಲ್ಲಿ ಬೆಳೆದವಳು ನಾನು. ಅಲ್ಲಿ ಕನ್ನಡ ಮಾತಾಡಿದರೆ ಬೆಂಚಿನ ಮೇಲೆ ನಿಲ್ಲಿಸುತ್ತಿದ್ದರು, ಇಂಗ್ಲಿಷ್ ತಪ್ಪು ಮಾತಾಡಿದರೆ ನಗುತ್ತಿದ್ದರು. ಹೀಗಾಗಿ ಎರಡನ್ನೂ ಅರ್ಧರ್ಧ ಕಲಿತು ಈಗ ಕಾಲೇಜಿನ ಮೊದಲ ವರ್ಷಕ್ಕೆ ಬಂದಿದ್ದೇನೆ. ಅಧಿಕಾರದಲ್ಲಿ ಇರುವವರಿಗೆ ಈವರೆಗೆ ನಾನು ಬರೆದದ್ದು ಒಂದೇ ಬಗೆಯ ಪತ್ರ: ವಾರ್ಡನ್ ಮೇಡಂಗೆ ರಜೆ ಅರ್ಜಿ. ಅದರಲ್ಲಿ ಕಾರಣ ಯಾವಾಗಲೂ ಹೊಟ್ಟೆನೋವು, ಕೊನೆಯಲ್ಲಿ ಯಾವಾಗಲೂ 'ದಯಮಾಡಿ ಮಂಜೂರು ಮಾಡಬೇಕಾಗಿ ವಿನಂತಿ'. ಈ ಪತ್ರದಲ್ಲೂ ಅಲ್ಲಲ್ಲಿ ಅದೇ ದನಿ ಕೇಳಿದರೆ ಅದು ಅಭ್ಯಾಸಬಲ. ಹೊಟ್ಟೆ ಮಾತ್ರ ಈ ಸಲ ನಿಜವಾಗಿಯೂ ಉರಿಯುತ್ತಿದೆ.

ವಿಷಯ ಇಷ್ಟೆ. ಹಳೇ ಮಾರುಕಟ್ಟೆಯ ಹಿಂದಿನ ರಿಪೇರಿ ಓಣಿಯನ್ನು ಕೆಡವಿ ಅಲ್ಲಿ ಬಹುಮಹಡಿ ಪಾರ್ಕಿಂಗ್ ಕಟ್ಟಲು ತಾವು ಹೊರಟಿದ್ದೀರಿ. ಹಗಲೂ ರಾತ್ರಿ ಆ ಓಣಿಯ ತುಂಬ ವಾಹನಗಳು ನಿಂತಿರುತ್ತವೆ, ಸೂಜಿ ಊರಲೂ ಜಾಗವಿಲ್ಲ, ಆದ್ದರಿಂದ ಪಾರ್ಕಿಂಗ್ ಅಲ್ಲೇ ಬೇಕು ಎಂಬುದು ತಾವು ಕೊಟ್ಟ ಕಾರಣ. ತಾವು ಎಣಿಸಿದ ಆ ವಾಹನಗಳು ಸತ್ತವು. ಓಡಲಾರದವು. ಅವನ್ನು ತೆಗೆದರೆ ಮತ್ತೆ ಎಣಿಸುತ್ತೇವೆ ಎಂದು ತುಂಬಿದ ಸಭೆಯಲ್ಲಿ ತಾವು ಮಾತು ಕೊಟ್ಟಿರಿ. ನಾವು ತೆಗೆದೆವು. ತಾವು ಎಣಿಸಲಿಲ್ಲ. ಈ ಪತ್ರದ ಉಳಿದ ಭಾಗವೆಲ್ಲ ಇದರ ವಿವರಣೆ. ಸಮಯ ಇಲ್ಲದಿದ್ದರೆ ತಾವು ಇಲ್ಲಿಗೇ ನಿಲ್ಲಿಸಿ ಕೆಳಗೆ ಸಹಿಯ ಹತ್ತಿರ ಹೋಗಬಹುದು. ಆದರೆ ತಮ್ಮ ಕಚೇರಿಯಲ್ಲಿ ಎಲ್ಲರೂ ಹಾಗೇ ಮಾಡುತ್ತಾರೆ ಎಂಬುದು ನನ್ನ ಅನುಮಾನ.

ರಿಪೇರಿ ಓಣಿ ಎಂದರೆ ತಮಗೆ ನಕ್ಷೆಯಲ್ಲಿ ಒಂದು ಕೆಂಪು ಪಟ್ಟೆ. ನನಗೆ ಅದು ರಜೆ. ಅಪ್ಪ ಅಮ್ಮನಿಗೆ ಊರೂರು ತಿರುಗುವ ಕೆಲಸ. ಹಾಸ್ಟೆಲ್ ಮುಚ್ಚಿದಾಗಲೆಲ್ಲ ನಾನು ಹೋಗುತ್ತಿದ್ದದ್ದು ಓಣಿಯಲ್ಲಿರುವ ದೊಡ್ಡಮ್ಮನ ಹತ್ತಿರ. ದೊಡ್ಡಮ್ಮ ಎಂದರೆ ಅಮ್ಮನ ಅಕ್ಕ. ಕೆಳಗೆ ಅವರ ಆಲ್ಟರೇಶನ್ ಅಂಗಡಿ, ಮೇಲೆ ಒಂದು ಕೋಣೆ, ನಡುವೆ ಏಣಿಯಂಥ ಮೆಟ್ಟಿಲು. ಹೊಸ ಬಟ್ಟೆ ಹೊಲಿಯುವುದಿಲ್ಲ ಅವರು. ಸಡಿಲವಾದದ್ದನ್ನು ಬಿಗಿ ಮಾಡುವುದು, ಬಿಗಿಯಾದದ್ದನ್ನು ಬಿಡಿಸುವುದು, ಜಿಪ್ಪು, ಕಾಲರು, ಹರಿದ ಜೇಬು. ನನ್ನ ಯೂನಿಫಾರ್ಮ್ ಸ್ಕರ್ಟು ಮಾತ್ರ ಅವರೇ ಹೊಲಿದದ್ದು. ಹೊಲಿಯುವಾಗಲೇ ಕೆಳಗೆ ಅಂಗೈಯಗಲ ಬಟ್ಟೆಯನ್ನು ಒಳಕ್ಕೆ ಮಡಚಿ ಇಟ್ಟಿರುತ್ತಿದ್ದರು. ಪ್ರತಿ ರಜೆಯಲ್ಲೂ ಅದನ್ನು ಒಂದಷ್ಟು ಬಿಚ್ಚಿ ಸ್ಕರ್ಟು ಉದ್ದ ಮಾಡಿ ಕಳಿಸುತ್ತಿದ್ದರು. ಹಳೇ ಮಡಿಕೆಯ ಗೆರೆಗಳು ಹೋಗುತ್ತಿರಲಿಲ್ಲ, ಹುಡುಗಿಯರು ನನ್ನನ್ನು ಜೀಬ್ರಾ ಅನ್ನುತ್ತಿದ್ದರು. ಅಳುತ್ತಾ ದೂರು ಹೇಳಿದರೆ ದೊಡ್ಡಮ್ಮ ಬಾಯಲ್ಲಿ ಗುಂಡುಪಿನ್ನು ಕಚ್ಚಿಕೊಂಡೇ ಅನ್ನುವರು, "ಬೆಳೆಯೋ ಮಕ್ಳ ಬಟ್ಟೇಲಿ ಜಾಗ ಬಿಡ್ಬೇಕು ಕಣೇ. ಬಿಡ್ದಿದ್ರೆ ಅದು ಬಟ್ಟೆ ಅಲ್ಲ, ಬ್ಯಾಂಡೇಜು."

ಓಣಿಯವರು ನನ್ನ ಹೆಸರನ್ನು ಯಾವತ್ತೋ ಮರೆತಿದ್ದಾರೆ. ರಜೆಗೆ ಬ್ಯಾಗು ಹಿಡಿದು ತಿರುವಿನಲ್ಲಿ ಕಾಣಿಸಿಕೊಂಡರೆ ಸಾಕು, "ಹಾಸ್ಟೆಲ್ಲು ಬಂತು!" ಎಂದು ಎದುರಂಗಡಿಯ ಫ್ರೇಮ್ ಮಾವ ಕೂಗುವರು. ಅವರು ಫೋಟೋಗಳಿಗೆ ಕಟ್ಟು ಹಾಕುವವರು, ಓಣಿಗೆಲ್ಲ ಮಾವ. ಪಕ್ಕದ ಗಡಿಯಾರದ ರಿಪೇರಿಯವರು ನಿಧಾನಪ್ಪ. ಅದು ಅವರ ಹೆಸರಲ್ಲ, ಅವರ ಸ್ಪೀಡು. ಆಚೆಗೆ ಕೀಲಿಕೈ ಮಾಡುವ ಅಕ್ಕ. ಇಲ್ಲಿ ಒಂದು ಪದ್ಧತಿ ಇದೆ, ತಮ್ಮ ವರದಿಯಲ್ಲಿ ಅದು ಇಲ್ಲ. ಯಾರದಾದರೂ ಪ್ಯಾಂಟು ದೊಡ್ಡಮ್ಮನ ಕೈಯಲ್ಲಿ ಇರುವಷ್ಟು ಹೊತ್ತು ಅವರ ವಾಚು ನಿಧಾನಪ್ಪನ ಹತ್ತಿರ ಹೋಗುತ್ತದೆ, ತುಕ್ಕು ಹಿಡಿದ ಬೀಗ ಅಕ್ಕನ ಹತ್ತಿರ ಹೋಗುತ್ತದೆ. ಬಂದವರು ಕೂತಲ್ಲೇ ಕೂತಿರುತ್ತಾರೆ, ವಸ್ತುಗಳು ಓಣಿ ದಾಟುತ್ತವೆ. ಓಣಿ ಅಗಲವಿಲ್ಲ ಎಂದು ತಾವು ಬೇಸರಪಟ್ಟುಕೊಂಡಿದ್ದೀರಿ. ಕೈ ಚಾಚಿದರೆ ಎದುರಂಗಡಿ ಸಿಗಲಿ ಎಂದೇ ಇರಬೇಕು, ಅದು ಅಷ್ಟೇ ಅಗಲ ಇರುವುದು.

ಈಗ ಸತ್ತ ಗಾಡಿಗಳ ವಿಷಯ. ಪಕ್ಕದ ದೊಡ್ಡ ರಸ್ತೆಯಲ್ಲಿ ಗಾಜಿನ ಆಫೀಸುಗಳು ಎದ್ದ ಮೇಲೆ ಅಲ್ಲಿಗೆ ಬರುವವರು ಓಣಿಯಲ್ಲಿ ಕಾರು ನಿಲ್ಲಿಸತೊಡಗಿದರು. ಬೆಳಿಗ್ಗೆ ನಿಲ್ಲಿಸಿ ಹೋದರೆ ಸಂಜೆಗೇ ಬರುವುದು. ಅಂಗಡಿಯ ಬಾಗಿಲಿಗೆ ಬಂಪರ್ ತಾಗಿಸಿ ನಿಲ್ಲಿಸುವರು. ಒಂದು ದಿನ ಹೊರಗೆ ಹೋಗಿ ಬಂದ ದೊಡ್ಡಮ್ಮ ತಮ್ಮ ಅಂಗಡಿಗೆ ತಾವೇ ಕಿಟಕಿಯಿಂದ ಇಳಿದರು. ಕೆಳಗೆ ಕೀಲಿ ಅಕ್ಕ ಸ್ಟೂಲು ಹಿಡಿದುಕೊಂಡು "ನೋಡ್ಕಂಡು ಅಕ್ಕಾ, ಕಳ್ಳಿ ಅಂತ ಹಿಡ್ಕಂಡ್ ಹೋದಾರು" ಎಂದು ನಗುತ್ತಿದ್ದರಂತೆ. ಓಣಿಯವರೆಲ್ಲ ಸೇರಿ ತಮ್ಮ ಕಚೇರಿಗೆ ದೂರು ಕೊಟ್ಟರು. 'ಸದರಿ ಓಣಿಯು ನಿಲುಗಡೆ ನಿಷೇಧಿತ ಪ್ರದೇಶದ ವ್ಯಾಪ್ತಿಗೆ ಒಳಪಡದೇ ಇರುವುದರಿಂದ ಕ್ರಮ ಜರುಗಿಸಲು ಅವಕಾಶವಿರುವುದಿಲ್ಲ' ಎಂಬ ಉತ್ತರ ಬಂತು. ಇಷ್ಟೊಂದು 'ಇರುವುದು' ಇದ್ದ ವಾಕ್ಯದಲ್ಲಿ ಏನೂ ಇರಲಿಲ್ಲ. ಫ್ರೇಮ್ ಮಾವ ಅದನ್ನು ಓದಿ ಕನ್ನಡಕ ತೆಗೆದರಂತೆ.

"ಅಂದ್ರೆ ಯಾರ್ ಬೇಕಾದ್ರೂ ನಿಲ್ಲಿಸ್ಬೋದು ಅಂತ ತಾನೇ?"

"ಹೂಂ."

"ಹಂಗಾದ್ರೆ ನಾವೂ ನಿಲ್ಲಿಸೋಣ ಬಿಡಿ."

ಹೀಗೆ ಹುಟ್ಟಿದವು ಕಾವಲು ಗಾಡಿಗಳು. ಫ್ರೇಮ್ ಮಾವ ಎಲ್ಲಿಂದಲೋ ಎಂಜಿನ್ ಕಿತ್ತ ಒಂದು ಕಾರು ತಳ್ಳಿಸಿಕೊಂಡು ಬಂದರು. ಅದರ ಹಿಂದಿನ ಸೀಟಿನಲ್ಲಿ ಗಾಜಿನ ಹಾಳೆಗಳನ್ನು ಒರಗಿಸಿಟ್ಟರು. ನಿಧಾನಪ್ಪ ಒಂದು ಮೊಪೆಡ್ ತಂದು ಕಂಬಕ್ಕೆ ಸರಪಣಿ ಬಿಗಿದರು; ಅದರ ಬುಟ್ಟಿಯಲ್ಲಿ ಬೆಕ್ಕು ಮರಿ ಹಾಕಿತು. ದೊಡ್ಡಮ್ಮ ನಿಲ್ಲಿಸಿದ್ದು ದೊಡ್ಡಪ್ಪನ ಸ್ಕೂಟರು. ದೊಡ್ಡಪ್ಪ ಹೋದ ಮೇಲೆ ಅದನ್ನು ಓಡಿಸುವವರು ಇರಲಿಲ್ಲ, ಗುಜರಿಗೆ ಹಾಕಲು ಇವರಿಗೆ ಮನಸ್ಸಿರಲಿಲ್ಲ. ಪರದೆ ಬಟ್ಟೆ ಉಳಿದದ್ದರಲ್ಲಿ ಅದಕ್ಕೊಂದು ಹೂವಿನ ಗವಸು ಹೊಲಿದು ಬಾಗಿಲ ಮುಂದೆ ಇಟ್ಟರು. ಗಿರಾಕಿ ಬಂದರೆ ಸ್ಕೂಟರನ್ನು ಪಕ್ಕಕ್ಕೆ ತಳ್ಳಿ ದಾರಿ ಬಿಡುವುದು, ಅವರು ಹೋದ ಮೇಲೆ ಮತ್ತೆ ಎಳೆದು ಇಡುವುದು. ಓಣಿಯ ಎಲ್ಲ ಅಂಗಡಿಗಳ ಮುಂದೂ ಇಂಥದ್ದೊಂದು ನಿಂತಿತು. ಇದು ಸರಿಯೇ ಎಂದು ತಾವು ಕೇಳಬಹುದು. ಸರಿಯಲ್ಲ. ಸರಿಯಾದದ್ದನ್ನು ಕೇಳಿಕೊಂಡು ಮೊದಲು ತಮ್ಮ ಹತ್ತಿರವೇ ಬಂದಿದ್ದರಲ್ಲ?

ಆಮೇಲೆ ತಮ್ಮ ಸರ್ವೆ ಬಂತು. ಕೈಯಲ್ಲಿ ಟ್ಯಾಬ್ ಹಿಡಿದ ಇಬ್ಬರು ಯುವಕರು, ಒಳ್ಳೆಯವರೇ, ಕುತ್ತಿಗೆಗೆ ಗುರುತಿನ ಚೀಟಿ. ಆಗ ನಾನೂ ರಜೆಯಲ್ಲಿ ಅಲ್ಲೇ ಇದ್ದೆ, ಹೊಸ್ತಿಲ ಮೇಲೆ ಕೂತು ಗುಂಡಿ ಬಿಚ್ಚುತ್ತಿದ್ದೆ. ದೊಡ್ಡಮ್ಮ ಅವರಿಗೆ ಕುಡಿಯಲು ನೀರು ಕೊಟ್ಟು ಕೇಳಿದರು, "ಏನ್ ಎಣಿಸ್ತಿದೀರಪ್ಪಾ?"

"ಗಾಡಿ, ಆಂಟಿ."

"ಎಣಿಸಿ, ಎಣಿಸಿ. ನಿಧಾನಕ್ಕೆ ಎಣಿಸಿ. ಓಡಿ ಹೋಗಲ್ಲ ಅವು."

ಅವರಲ್ಲಿ ಒಬ್ಬ ನಕ್ಕು, ದೊಡ್ಡಪ್ಪನ ಸ್ಕೂಟರಿನ ಮೇಲೆಯೇ ಆರಾಮಾಗಿ ಕೂತು, ಆ ಸ್ಕೂಟರನ್ನು ಎಣಿಸಿದ. ಬೆಳಿಗ್ಗೆ ಎಣಿಸಿದ, ಮಧ್ಯಾಹ್ನ ಎಣಿಸಿದ, ಸಂಜೆ ಬಂದು ಎಣಿಸಿದ. ವಾರದ ರಜೆಯ ದಿನ ಅಂಗಡಿಗಳೆಲ್ಲ ಮುಚ್ಚಿದ್ದಾಗಲೂ ಬಂದು ಎಣಿಸಿದ. ಗಾಡಿಗಳು ಅಲ್ಲೇ ಇದ್ದವು. ಎಲ್ಲಿಗೆ ಹೋಗಬೇಕಿತ್ತು? ಬುಟ್ಟಿಯಲ್ಲಿ ಬೆಕ್ಕಿನ ಮರಿ ಇರುವ ಮೊಪೆಡ್ ಆ ಮನುಷ್ಯನಿಗೆ ಏನೂ ಹೇಳಲಿಲ್ಲವೇ? ಎತ್ತು ಈಯಿತು ಅಂದರೆ ಕೊಟ್ಟಿಗೆಗೆ ಕಟ್ಟು ಅಂದರಂತೆ ಎಂಬ ಗಾದೆ ನಮ್ಮಲ್ಲಿದೆ. ಇಲ್ಲಿ ಎತ್ತು ಈಯಿತು ಎಂದು ಯಾರೂ ಹೇಳಲೂ ಇಲ್ಲ. ತಾವೇ ಊಹಿಸಿಕೊಂಡು, ಇದ್ದ ಕೊಟ್ಟಿಗೆಯನ್ನೂ ಕೆಡವಿ, ಕರುವಿಗೆ ಆರು ಮಹಡಿ ಕಟ್ಟಲು ಹೊರಟಿರಿ.

ಸಾರ್ವಜನಿಕ ಅಭಿಪ್ರಾಯ ಸಭೆ ಎಂಬ ಆ ಕಾರ್ಯಕ್ರಮ ತಮಗೆ ನೆನಪಿರಬೇಕು. ಮೆತ್ತನೆ ಕುರ್ಚಿಗಳ ಹಾಲು, ಕೊರೆಯುವ ಏಸಿ, ಪರದೆಯ ಮೇಲೆ ಬಣ್ಣದ ಚಿತ್ರಗಳು. ಎಲ್ಲವೂ ಇಂಗ್ಲಿಷಿನಲ್ಲಿ. ಸಾರ್ವಜನಿಕರ ಅಭಿಪ್ರಾಯ ಕೇಳಲು ಕರೆದು ಸಾರ್ವಜನಿಕರಿಗೆ ಅರ್ಥವಾಗದ ಭಾಷೆಯಲ್ಲಿ ಮಾತಾಡುವುದು ಒಂದು ಲೆಕ್ಕದಲ್ಲಿ ಜಾಣತನವೇ. ಅಭಿಪ್ರಾಯಗಳು ಕಡಿಮೆ ಬರುತ್ತವೆ. ಓಣಿಯವರೆಲ್ಲ ನನ್ನ ಹಿಂದೆ ಮುಂದೆ ಬಗ್ಗಿ ಕೂತಿದ್ದರು. ಹಾಸ್ಟೆಲಿನ ಇಂಗ್ಲಿಷು ಮೊದಲ ಸಲ ಯಾರಿಗೋ ಉಪಯೋಗಕ್ಕೆ ಬರುತ್ತಿತ್ತು.

"ಏನಂತೆ?" ಫ್ರೇಮ್ ಮಾವ ಕಿವಿಯ ಹತ್ತಿರ ಕೇಳಿದರು.

"ನಗರದ ನಡುಭಾಗಕ್ಕೆ ಜೀವ ತುಂಬ್ತಾರಂತೆ ಮಾವ."

"ಯಾಕೆ, ನಾವ್ ಸತ್ತಿದೀವಾ?"

"ಷ್! ಅಂಗಡಿಗಳು ಮೂರನೇ ಮಹಡೀಲಿ ಕೊಡ್ತಾರಂತೆ. ಕಾರುಗಳ ಹಿಂದೆ."

"ಜಿಪ್ಪು ಹಾಕ್ಸೋಕೆ ಯಾರೇ ಮೂರ್ ಮಹಡಿ ಹತ್ತುತಾರೆ?" ಎಂದರು ದೊಡ್ಡಮ್ಮ. "ಹತ್ತೋಷ್ಟ್ರಲ್ಲಿ ಪ್ಯಾಂಟೇ ಉದುರೋಗತ್ತೆ."

ಪರದೆಯ ಮೇಲಿನ ಚಿತ್ರ ಚೆನ್ನಾಗಿತ್ತು, ಅದನ್ನು ಒಪ್ಪುತ್ತೇನೆ. ಎಲ್ಲೆಲ್ಲೂ ಮರಗಳು, ಬಲೂನು ಹಿಡಿದ ಮಗು, ಕಾಗದದ ಲೋಟದಲ್ಲಿ ಏನೋ ಕುಡಿಯುತ್ತಾ ನಡೆಯುವ ತೆಳ್ಳನೆಯ ಜನ. ನಾನು ಅದನ್ನು ಬಹಳ ಹೊತ್ತು ನೋಡಿದೆ. ಆ ಇಡೀ ಚಿತ್ರದಲ್ಲಿ ಒಬ್ಬರ ಪ್ಯಾಂಟಿನ ಜಿಪ್ಪೂ ಹಾಳಾಗಿಲ್ಲ. ಯಾರ ವಾಚೂ ನಿಂತಿಲ್ಲ. ಯಾರೂ ಮನೆಯ ಕೀಲಿ ಕಳೆದುಕೊಂಡು ಮುಖ ಬಾಡಿಸಿಕೊಂಡಿಲ್ಲ. ಅಂಥ ಜನರ ಊರಿಗೆ ರಿಪೇರಿ ಓಣಿ ಬೇಡವೇ ಬೇಡ. ಆ ಜನ ಎಲ್ಲಿಂದ ಬರುತ್ತಾರೆ, ಅವರನ್ನೂ ಟೆಂಡರ್ ಕರೆದು ತರಿಸುತ್ತೀರಾ?

ಆಮೇಲೆ ವರದಿಯ ಮುಖ್ಯ ವಾಕ್ಯ ಬಂತು. ಈ ಓಣಿಯಲ್ಲಿ ನಿಂತ ವಾಹನಗಳು ಕದಲುವುದೇ ಇಲ್ಲ, ಇಷ್ಟು ತೀವ್ರವಾದ ಬೇಡಿಕೆ ನಗರದ ಬೇರಾವ ಬೀದಿಯಲ್ಲೂ ಕಂಡಿಲ್ಲ ಎಂದು ಪರದೆ ನಮ್ಮ ಓಣಿಯ ಫೋಟೋ ತೋರಿಸಿ ಹೇಳಿತು. ನಾನು ಅದನ್ನು ಪಿಸುಗುಟ್ಟಿದೆ. ಯಾವಾಗಲೂ ಎಲ್ಲದಕ್ಕೂ ಕೊನೆಯಲ್ಲಿ ನಗುವ ನಿಧಾನಪ್ಪ ಆವತ್ತು ಮೊದಲಿಗರಾಗಿ ನಕ್ಕರು. ಜೋರಾಗಿ ನಕ್ಕರು. ತಾವು ವೇದಿಕೆಯಿಂದ "ಏನದು ಅಲ್ಲಿ?" ಎಂದಿರಿ. ಫ್ರೇಮ್ ಮಾವ ಎದ್ದು ನಿಂತರು. ಮದುವೆಮನೆಯಲ್ಲಿ ಜೋಕು ಹೇಳುವವರ ಹಾಗೆ ಖುಷಿಯಾಗಿ ಹೇಳಿದರು, "ಸಾರ್, ಆ ಫೋಟೋದಲ್ಲಿರೋದು ನನ್ ಕಾರು. ಅದಕ್ಕೆ ಎಂಜಿನ್ನೇ ಇಲ್ಲ ಸಾರ್. ಅಲ್ಲಿರೋ ಒಂದೂ ಓಡಲ್ಲ."

ಹಾಲೆಲ್ಲ ನಕ್ಕಿತು. ಅಯ್ಯೋ, ತಪ್ಪು ಗೊತ್ತಾಯಿತು, ಇನ್ನು ಎಲ್ಲ ಸರಿಹೋಗುತ್ತದೆ ಎಂದು ನಾನೂ ನಕ್ಕೆ. ತಾವು ಮಾತ್ರ ನಗಲಿಲ್ಲ. ಮೈಕನ್ನು ಹತ್ತಿರ ಎಳೆದುಕೊಂಡು ಕೇಳಿದಿರಿ: "ಅಂದ್ರೆ ಸಾರ್ವಜನಿಕ ರಸ್ತೆ ಮೇಲೆ ಗುಜರಿ ಇಟ್ಟಿದೀರಿ ಅಂತ ಒಪ್ಕೊಳ್ತಿದೀರಾ?" ಪಕ್ಕದವರ ಕಡೆ ತಿರುಗಿ, "ಇದನ್ನ ಬರ್ಕೊಳ್ರಿ" ಎಂದಿರಿ.

ಕೈ ಕೊಟ್ಟು ಕೋಳ ಹಾಕಿಸಿಕೊಂಡ ಹಾಗಾಯಿತು ಮಾವನ ಸ್ಥಿತಿ. ಅವರು ಮೆಲ್ಲಗೆ ಕೂತರು. ವರದಿ ಸುಳ್ಳು ಎಂದು ಹೇಳಿದರೆ ತಾನು ತಪ್ಪಿತಸ್ಥ, ತಪ್ಪಿತಸ್ಥ ಅಲ್ಲ ಎಂದರೆ ವರದಿ ಸತ್ಯ. ಇಷ್ಟು ಒಳ್ಳೆಯ ಹೊಲಿಗೆಯನ್ನು ನಾನು ದೊಡ್ಡಮ್ಮನ ಅಂಗಡಿಯಲ್ಲೂ ನೋಡಿಲ್ಲ. ಎಲ್ಲೂ ಒಂದು ದಾರ ಸಡಿಲ ಇರಲಿಲ್ಲ. ಆಗ ದೊಡ್ಡಮ್ಮ ಎದ್ದರು. ಅವರು ಸಭೆಗಳಲ್ಲಿ ಮಾತಾಡುವವರಲ್ಲ. ಸೆರಗಿನ ತುದಿಯನ್ನು ಬೆರಳಿಗೆ ಸುತ್ತುತ್ತಾ ನಿಂತರು.

"ತೆಗೀತೀವಿ ಸಾರ್. ಎಲ್ಲಾನೂ ತೆಗೀತೀವಿ. ತೆಗೆದ್ ಮೇಲೆ ಇನ್ನೊಂದ್ಸಲ ಎಣಿಸ್ತೀರಾ?"

"ಖಂಡಿತ" ಎಂದಿರಿ ತಾವು. "ಮೊದಲು ತೆಗೀರಿ."

ಮೈಕು ಆನ್ ಇತ್ತು, ಮಾನ್ಯರೇ. ಖಂಡಿತ ಎಂಬ ಮಾತು ಹಾಲಿನ ನಾಲ್ಕೂ ಗೋಡೆಗೆ ಬಡಿದು ವಾಪಸು ಬಂದದ್ದನ್ನು ನಾವೆಲ್ಲ ಕೇಳಿದ್ದೇವೆ. ದೊಡ್ಡಮ್ಮ ದಾರಿಯುದ್ದಕ್ಕೂ "ಖಂಡಿತ ಅಂದ್ರು ಕಣೇ, ನೋಡ್ತೀವಿ ಅನ್ಲಿಲ್ಲ, ಖಂಡಿತ ಅಂದ್ರು" ಎಂದು ಹೇಳಿಕೊಂಡೇ ಬಂದರು.

ತೆಗೆದೆವು. ಗುಜರಿಯ ಲಾರಿ ಓಣಿಯ ಬಾಯಿಗೆ ಬಂದು ನಿಂತಿತು. ಫ್ರೇಮ್ ಮಾವ ತಮ್ಮ ಗಾಜುಗಳನ್ನೆಲ್ಲ ಇಳಿಸಿ ಅಂಗಡಿಯೊಳಗೆ ತುರುಕಿದರು, ಈಗ ಅವರೇ ಅಡ್ಡಡ್ಡ ಸರಿದು ಒಳಗೆ ಹೋಗಬೇಕು. ಬೆಕ್ಕಿನ ಮರಿಗಳು ನಿಧಾನಪ್ಪನ ಗೋಡೆ ಗಡಿಯಾರದ ಖಾಲಿ ಪೆಟ್ಟಿಗೆಗೆ ವಾಸ ಬದಲಿಸಿದವು. ದೊಡ್ಡಮ್ಮ ಸ್ಕೂಟರಿನ ಗವಸು ತೆಗೆದು ಕೊಡವಿ ನಾಲ್ಕು ಮಡಿಕೆ ಮಾಡಿ ಕಂಕುಳಲ್ಲಿ ಇಟ್ಟುಕೊಂಡರು. ಲಾರಿಯವನು ಹ್ಯಾಂಡಲ್ ಹಿಡಿದು ಎಳೆದಾಗ ಸ್ಕೂಟರು ಕದಲಲಿಲ್ಲ.

"ಬ್ರೇಕ್ ಹಿಡ್ಕಂಡಿದೆಯಾ ಅಮ್ಮಾ?"

"ಇಲ್ಲಪ್ಪಾ, ಅದರ ಅಭ್ಯಾಸ. ಸೀಟಿನ ಮೇಲೊಂದು ಏಟು ಹಾಕು. ನಮ್ಮೆಜಮಾನ್ರು ಹಂಗೇ ಮಾಡ್ತಿದ್ರು."

ಅವನು ಏಟು ಹಾಕಿದ, ಸ್ಕೂಟರು ಹೊರಟಿತು. ಅದು ನಿಂತಿದ್ದ ಜಾಗದಲ್ಲಿ ನೆಲ ಬೇರೆ ಬಣ್ಣದ್ದಾಗಿತ್ತು. ದೊಡ್ಡಮ್ಮ ಪೊರಕೆ ತಂದು ಅಲ್ಲಿ ಗುಡಿಸಿದರು, ಗುಡಿಸಿದ್ದನ್ನೇ ಮತ್ತೆ ಗುಡಿಸಿದರು. ಗಾಜಿನ ಆಫೀಸುಗಳು ಎದ್ದ ಮೇಲೆ ನಾನು ಆ ಓಣಿಯನ್ನು ಅಷ್ಟು ಅಗಲವಾಗಿ ನೋಡಿರಲಿಲ್ಲ. ಎಲ್ಲರೂ ಬಾಗಿಲಲ್ಲಿ ನಿಂತು ನೋಡಿದರು. ಮನೆಗೆ ಯಾರೋ ದೊಡ್ಡವರು ಬರುತ್ತಾರೆ ಎಂದು ಸಾಮಾನೆಲ್ಲ ಎತ್ತಿಟ್ಟು ಕಾಯುವವರ ಹಾಗಿತ್ತು. ಎಣಿಸುವವರು ಬರುತ್ತಾರೆ, ಖಾಲಿ ಓಣಿ ನೋಡುತ್ತಾರೆ, ತಪ್ಪು ತಿದ್ದಿಕೊಳ್ಳುತ್ತಾರೆ. ಇಷ್ಟೇ ನಾವು ಅಂದುಕೊಂಡದ್ದು. ನಮ್ಮ ಪೆದ್ದುತನ ನೋಡಿ ತಮಗೆ ಈಗಲಾದರೂ ನಗು ಬರಬಹುದು.

ಮರುದಿನ ಬೆಳಿಗ್ಗೆ ಶಟರ್ ಎತ್ತುವ ಹೊತ್ತಿಗೆ ಓಣಿ ತುಂಬಿತ್ತು. ಎಣಿಸುವವರಲ್ಲ ಬಂದದ್ದು, ಕಾರುಗಳು. ಜೀವಂತ ಕಾರುಗಳು, ಎಂಜಿನ್ನು, ಇನ್ಶೂರೆನ್ಸು, ಸುಗಂಧದ ಡಬ್ಬಿ ಎಲ್ಲ ಇರುವಂಥವು. ಬಿಳಿಯ ಕಾರೊಂದು ಸ್ಕೂಟರು ಇದ್ದಲ್ಲೇ, ದೊಡ್ಡಮ್ಮ ಗುಡಿಸಿದ್ದ ಜಾಗದಲ್ಲೇ, ಬಾಗಿಲಿಗೆ ಬಂಪರ್ ತಾಗಿಸಿ ನಿಂತಿತ್ತು. ಅದರ ಮುಂದಿನ ಗಾಜಿಗೆ ತಮ್ಮ ಕಚೇರಿಯ ಪಾಸು ಅಂಟಿಸಿತ್ತು. ಇದನ್ನು ನಾನು ಕಲ್ಪಿಸಿಕೊಂಡು ಬರೆಯುತ್ತಿಲ್ಲ. ಕಲ್ಪಿಸಿಕೊಳ್ಳುವ ಹಾಗಿದ್ದರೆ ಇಷ್ಟು ಸುಲಭದ್ದನ್ನು ಕಲ್ಪಿಸಿಕೊಳ್ಳುತ್ತಿರಲಿಲ್ಲ. ಆವತ್ತಿನಿಂದ ದಿನವೂ ಹೀಗೇ. ಮೊನ್ನೆ ಒಬ್ಬ ಹೆಂಗಸು ತನ್ನ ತಂದೆಯ ದೊಡ್ಡ ಫೋಟೋ ಎತ್ತಿಕೊಂಡು ಫ್ರೇಮ್ ಮಾವನಲ್ಲಿಗೆ ಬಂದಳು. ಎರಡು ಕಾರುಗಳ ನಡುವೆ ಫೋಟೋ ಹೋಗಲಿಲ್ಲ. ಅಡ್ಡ ಹಿಡಿದಳು, ತಲೆಯ ಮೇಲೆ ಎತ್ತಿದಳು, ಕೊನೆಗೆ ಸೈಡ್ ಮಿರರ್‌ಗೆ ತಾಗಿ ಅಲಾರಂ ಕೂಗತೊಡಗಿದಾಗ ತಂದೆಯನ್ನು ಎದೆಗೆ ಅವುಚಿಕೊಂಡು ವಾಪಸು ಹೋದಳು. ಮಾವ ಈಚೆಯಿಂದ "ಬಾರಮ್ಮಾ, ಬಾರಮ್ಮಾ" ಎಂದು ಕೂಗುತ್ತಲೇ ಇದ್ದರು.

ನಾನು ತಮ್ಮ ಕಚೇರಿಗೆ ಬಂದೆ. ನಮ್ಮ ಕಾಲೇಜಿನ ಗೇಟು ದಾಟುವುದಕ್ಕೇ ನನಗೆ ಹೆದರಿಕೆ, ತಮ್ಮ ಕಚೇರಿಗಂತೂ ಮೂರು ಸಲ ಸುತ್ತು ಹಾಕಿ ಒಳಗೆ ಬಂದೆ. ಒಬ್ಬರು ಪ್ಲಾನಿಂಗ್ ಅಂದರು, ಪ್ಲಾನಿಂಗ್‌ನವರು ಟ್ರಾಫಿಕ್ ಅಂದರು, ಟ್ರಾಫಿಕ್‌ನವರು ಊಟಕ್ಕೆ ಅಂದರು. ಕೊನೆಗೆ ಒಬ್ಬ ಎಂಜಿನಿಯರ್ ಸಿಕ್ಕರು.

"ನೀನ್ಯಾರಮ್ಮಾ? ಅಂಗಡಿ ಓನರ್ರಾ?"

"ಅಲ್ಲ ಸರ್. ಫಸ್ಟ್ ಇಯರ್."

ಅಲ್ಲಿದ್ದವರೆಲ್ಲ ನಕ್ಕರು. ಪರವಾಗಿಲ್ಲ, ನನಗೆ ಅಭ್ಯಾಸವಿದೆ. ಮತ್ತೆ ಎಣಿಸುವುದು ಯಾವಾಗ ಎಂದು ಕೇಳಿದೆ.

"ಎಣಿಸಿ ಆಯ್ತಲ್ಲಮ್ಮಾ. ನಾನೇ ದಿನಾ ಆ ಕಡೆಯಿಂದ್ಲೇ ಬರ್ತೀನಿ. ಗುಜರಿ ತೆಗೆದ್ ಮೇಲೂ ಓಣಿ ಫುಲ್ಲು. ಅದಕ್ಕಿಂತ ಪ್ರೂಫ್ ಬೇಕಾ? ಡಿಮ್ಯಾಂಡ್ ಇದೆ ಅಂತ ಗೊತ್ತಾಯ್ತಲ್ಲ."

"ಸರ್, ಅದ್ರಲ್ಲಿ ಒಂದು ಬಿಳೀ ಕಾರು ನಿಮ್ಮ ಆಫೀಸಿಂದೇ."

"ಮತ್ತೇನ್ ಮಾಡೋದು? ನಮಗೂ ಪಾರ್ಕಿಂಗ್ ಇಲ್ವಲ್ಲಮ್ಮಾ."

ಇದು ಹೇಳುವಾಗ ಅವರ ಮುಖದಲ್ಲಿ ಮೋಸವಿರಲಿಲ್ಲ, ನಿಜವಾದ ಸಂಕಟವೇ ಇತ್ತು. ನನಗೂ ಒಂದು ಕ್ಷಣ ಪಾಪ ಅನ್ನಿಸಿತು. ಆಮೇಲೆ ಅವರ ಹಿಂದಿನ ಕಿಟಕಿ ಕಂಡಿತು. ಕಿಟಕಿಯಾಚೆ ತಮ್ಮ ಕಚೇರಿಯದ್ದೇ ಹಿತ್ತಲು, ನಮ್ಮ ಓಣಿಯ ಎರಡರಷ್ಟು ಅಗಲ. ಅದರ ತುಂಬ ಟೈರು ಕುಸಿದ ಜೀಪುಗಳು, ಬಾಗಿಲು ಕಳಚಿದ ವ್ಯಾನುಗಳು, ಬಾನೆಟ್ಟಿನೊಳಗಿಂದ ಗಿಡ ಬೆಳೆದು ಹೊರಬಂದಿರುವ ನೀರಿನ ಟ್ಯಾಂಕರ್. ಅವೇನು ಸರ್ ಎಂದು ಕೇಳಿದೆ. ಕಂಡಂ ಆದ ಗಾಡಿಗಳು, ಹರಾಜಿನ ಫೈಲು ಮೂವ್ ಆಗಬೇಕು, ಅಲ್ಲೀತನಕ ಮುಟ್ಟುವ ಹಾಗಿಲ್ಲ ಎಂದರು.

ಮಾನ್ಯರೇ, ತಮ್ಮ ಕಚೇರಿಯ ಹಿಂದೆಯೂ ಕಾವಲು ಗಾಡಿಗಳಿವೆ. ವ್ಯತ್ಯಾಸ ಇಷ್ಟೆ: ನಮ್ಮವು ಅಂಗಡಿಯ ಬಾಗಿಲನ್ನು ಕಾಯುತ್ತಿದ್ದವು, ತಮ್ಮವು ಏನನ್ನು ಕಾಯುತ್ತಿವೆಯೋ ಗೊತ್ತಿಲ್ಲ. ತಮ್ಮ ಸತ್ತ ಗಾಡಿಗಳಿಗೆ ಜಾಗ ಬೇಕು, ಆದ್ದರಿಂದ ತಮ್ಮ ಜೀವಂತ ಗಾಡಿಗಳು ನಮ್ಮ ಓಣಿಗೆ ಬರುತ್ತವೆ. ಅವು ಬಂದದ್ದೇ ಸಾಕ್ಷಿಯಾಗಿ ನಮ್ಮ ಓಣಿ ಹೋಗುತ್ತದೆ. ಬೇಲಿ ಎದ್ದು ಹೊಲ ಮೇಯ್ದರೆ ಒಂದು ಥರ. ಇಲ್ಲಿ ಬೇಲಿ ಹೊಲ ಮೇಯ್ದು, ಹೊಲ ಖಾಲಿ ಇದೆ, ಇಲ್ಲಿ ಇನ್ನೂ ಬೇಲಿ ಹಾಕಬಹುದು ಎಂದು ವರದಿ ಬರೆದಿದೆ.

ನಾನು ಪಾರ್ಕಿಂಗ್ ವಿರೋಧಿ ಅಲ್ಲ. ದಯವಿಟ್ಟು ಹಾಗೆ ತಿಳಿಯಬೇಡಿ. ನಮ್ಮ ಲೆಕ್ಚರರ್ ಒಬ್ಬರು ಗಾಡಿ ನಿಲ್ಲಿಸಲು ಜಾಗ ಹುಡುಕಿ ಹುಡುಕಿ ಬೆವತು ಕ್ಲಾಸಿಗೆ ಬರುವುದನ್ನು ದಿನಾ ನೋಡುತ್ತೇನೆ. ಊರು ಬೆಳೆಯುತ್ತದೆ, ಬಿಗಿಯಾದಲ್ಲಿ ಬಿಚ್ಚಬೇಕು, ಅದೂ ಗೊತ್ತು. ದೊಡ್ಡಮ್ಮ ಜೀವಮಾನವಿಡೀ ಮಾಡಿದ್ದು ಅದನ್ನೇ. ಆದರೆ ಅವರು ಬಟ್ಟೆಗೆ ಕತ್ತರಿ ಹಾಕುವ ಮೊದಲು ತೊಟ್ಟವರನ್ನು ಎದುರಿಗೆ ನಿಲ್ಲಿಸಿ ಅಳತೆ ತೆಗೆದುಕೊಳ್ಳುತ್ತಾರೆ. ಹ್ಯಾಂಗರ್ ಮೇಲಿನ ಕೋಟನ್ನು ಅಳೆದು ಮನುಷ್ಯನ ತೋಳು ಕತ್ತರಿಸುವುದಿಲ್ಲ. ಒಂದು ಕಾರು ಬೆಳಗಿನಿಂದ ಸಂಜೆಯವರೆಗೆ ಒಬ್ಬರಿಗಾಗಿ ಹಿಡಿದಿಟ್ಟುಕೊಳ್ಳುವ ಜಾಗದಲ್ಲಿ ದೊಡ್ಡಮ್ಮನ ಬಾಗಿಲಿಗೆ ನರ್ಸು ಬರುತ್ತಾಳೆ, ಹೋಟೆಲ್ ಮಾಣಿ ಬರುತ್ತಾನೆ, ನಾಳೆ ಇಂಟರ್‌ವ್ಯೂ ಇದೆ ಎಂದು ಅಣ್ಣನ ಶರ್ಟು ಹಿಡಿದ ತಮ್ಮ ಬರುತ್ತಾನೆ. ಇವರಲ್ಲಿ ಯಾರಿಗೂ ಕಾರಿಲ್ಲ. ಆದ್ದರಿಂದ ಯಾರೂ ಎಣಿಕೆಗೆ ಸಿಗಲಿಲ್ಲ. ನಿಂತದ್ದನ್ನು ಮಾತ್ರ ಎಣಿಸುವುದು, ನಡೆದು ಬಂದವರನ್ನು ಎಣಿಸದೇ ಇರುವುದು, ಇದು ಯಾವ ಲೆಕ್ಕ?

ನನ್ನ ಬೇಡಿಕೆ ದೊಡ್ಡದಲ್ಲ. ಮುಂದಿನ ತಿಂಗಳು ಟೆಂಡರ್ ತೆರೆಯುವ ಮೊದಲು ತಾವು ಕೊಟ್ಟ ಮಾತಿನಂತೆ ಓಣಿಯನ್ನು ಮತ್ತೆ ಎಣಿಸಬೇಕು. ಎಣಿಸುವ ವಾರ ತಮ್ಮ ಕಚೇರಿಯವರ ಕಾರುಗಳನ್ನು ತಮ್ಮ ಹಿತ್ತಲಲ್ಲಿ ನಿಲ್ಲಿಸಿಕೊಳ್ಳಬೇಕು. ಅದಕ್ಕಾಗಿ ಕಂಡಂ ಗಾಡಿಗಳನ್ನು ತೆಗೆಸಬೇಕು. ನಾವು ಒಂದೇ ಬೆಳಿಗ್ಗೆ ತೆಗೆದೆವು, ನಮಗೆ ಫೈಲೂ ಇರಲಿಲ್ಲ. ಗುಜರಿಯ ಲಾರಿಯವನ ಫೋನ್ ನಂಬರ್ ಬೇಕಿದ್ದರೆ ಕೊಡುತ್ತೇನೆ. ಸೀಟಿನ ಮೇಲೆ ಏಟು ಹಾಕಲು ಅವನಿಗೆ ಈಗ ಗೊತ್ತಿದೆ. ಮತ್ತು ಎಣಿಸಲು ತಾವೇ ಬರಬೇಕು, ನಡೆದುಕೊಂಡು. ಕಾರಿನಲ್ಲಿ ಬಂದರೆ ನಿಲ್ಲಿಸಲು ಜಾಗ ಸಿಗುವುದಿಲ್ಲ.

ಇನ್ನೊಂದು ಮಾತಿದೆ, ಅದನ್ನು ಬರೆಯಬೇಕೋ ಬೇಡವೋ ಎಂದು ಬಹಳ ಯೋಚಿಸಿದೆ. ದೊಡ್ಡಮ್ಮನಿಗೆ ಗೊತ್ತಾದರೆ ಬೈಯುತ್ತಾರೆ. ಕಳೆದ ಸೋಮವಾರದಿಂದ ಅವರು ಕಾರುಗಳು ಬರುವ ಮೊದಲೇ ಎದ್ದು ಸ್ಟೂಲು ತಂದು ಸ್ಕೂಟರು ಇದ್ದ ಜಾಗದಲ್ಲಿ ತಾವೇ ಕೂರುತ್ತಿದ್ದಾರೆ. ಮಡಿಲಲ್ಲಿ ಬಟ್ಟೆ, ಕೈಯಲ್ಲಿ ಸೂಜಿ, ತಲೆಯ ಮೇಲೆ ಆ ಹೂವಿನ ಗವಸು. ಮಿಷನ್ ಒಳಗಿದೆ, ಎದ್ದು ಹೋದರೆ ಜಾಗ ಹೋಗುತ್ತದೆ, ಹಾಗಾಗಿ ಕೈಹೊಲಿಗೆ ಮಾತ್ರ. ಬಿಳಿಯ ಕಾರು ಬಂದು ಹಾರ್ನ್ ಮಾಡುತ್ತದೆ, ಇವರು ತಲೆ ಎತ್ತುವುದಿಲ್ಲ. ಶನಿವಾರ ನಾನು ಹೋಗಿ "ಏಳು ದೊಡ್ಡಮ್ಮಾ, ನಾನ್ ಕೂರ್ತೀನಿ" ಎಂದೆ.

"ನಿಂಗ್ ಕ್ಲಾಸಿಲ್ವಾ? ಹೋಗು ಓದ್ಕೋ."

"ಎಷ್ಟ್ ದಿನ ಹಿಂಗೇ ಕೂರ್ತೀಯ?"

"ಅವರು ಬರೋವರ್ಗೆ. ಖಂಡಿತ ಅಂದಿದಾರಲ್ಲ." ದಾರವನ್ನು ಹಲ್ಲಲ್ಲಿ ಕಡಿದು ಹೇಳಿದರು. "ಎಣಿಸೋಕೆ ಬಂದಾಗ ಈ ಜಾಗ ಖಾಲಿ ಇರ್ಬೇಕು ಕಣೇ. ಇಲ್ದಿದ್ರೆ ನಾವ್ ಸುಳ್ ಹೇಳ್ದಂಗಾಗತ್ತೆ."

ತಮ್ಮ ಮಾತನ್ನು ನಂಬಿರುವ ವ್ಯಕ್ತಿ ಈ ಊರಿನಲ್ಲಿ ಬಹುಶಃ ಇವರೊಬ್ಬರೇ. ಓಣಿಯಲ್ಲಿ ನೆರಳಿಲ್ಲ, ಅವರಿಗೆ ವಯಸ್ಸಾಗಿದೆ, ಬಿಸಿಲು ದಿನದಿಂದ ದಿನಕ್ಕೆ ಏರುತ್ತಿದೆ. ಬರುತ್ತೀರೋ ಇಲ್ಲವೋ, ಯಾವುದಾದರೂ ಒಂದು. ದಯವಿಟ್ಟು ಬೇಗ ಉತ್ತರಿಸಿ.

ಇಂತಿ,
ರಜೆ ಅರ್ಜಿಗಿಂತ ದೊಡ್ಡದನ್ನು ಇದೇ ಮೊದಲು ಬರೆದ,
ರಿಪೇರಿ ಓಣಿಯವರು 'ಹಾಸ್ಟೆಲ್ಲು' ಎಂದು ಕರೆಯುವವಳು